ತೂಕ ಇಳಿಸುವ ಸರ್ಜರಿ ಆದಮೇಲೆ ಎಷ್ಟು ದಿನ ಅಳೆದು ತಿನ್ನಬೇಕು?

ಪ್ರಶ್ನೆ: ಮೇಡಂ, ಸ್ಲೀವ್ ಸರ್ಜರಿ ಆಗಿ ಮೂರು ತಿಂಗಳಾಯ್ತು. ಇನ್ನೂ ಎಷ್ಟು ದಿನ ಅಳೆದು ತಿನ್ನಬೇಕು? ಹೊಟ್ಟೆಯನ್ನೇ ಚಿಕ್ಕದು ಮಾಡಿದ್ದಾರಲ್ಲ, ತುಂಬಿದಾಗ ತಾನೇ ಗೊತ್ತಾಗಲ್ವಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಮೊದಲ ಭಾಗದ ಉತ್ತರ ಚಿಕ್ಕದು, ಅದನ್ನು ಮುಗಿಸಿಬಿಡೋಣ. ನುಣ್ಣಗೆ ಅರೆದ ಊಟ ಶುರುವಾದಾಗ ಹೊತ್ತಿಗೆ ನಾಲ್ಕು ದೊಡ್ಡ ಚಮಚ, ಅಂದರೆ 60 ಮಿಲಿ ಆಸುಪಾಸು. ಮೂರು ತಿಂಗಳಿಗೆ 100ರಿಂದ 120 ಮಿಲಿ. ವರ್ಷ ತುಂಬುವಾಗ ಸುಮಾರು 200. ಇದು ಸಾಮಾನ್ಯ ಲೆಕ್ಕ. ನಿಮ್ಮ ಡಯಟಿಷಿಯನ್ ಬರೆದುಕೊಟ್ಟ ಚೀಟಿಯಲ್ಲಿ ಬೇರೆ ಇದ್ದರೆ ಅದನ್ನೇ ಪಾಲಿಸಿ. ಮೊದಲ ಒಂದು ವರ್ಷ ಪೂರ್ತಿ ಅಳೆಯಿರಿ. ಆಮೇಲೂ ಆಗಾಗ ಒಂದು ವಾರ ಅಳೆದು ನೋಡುತ್ತಿರಿ.

ಇನ್ನು ಎರಡನೇ ಭಾಗ. "ತುಂಬಿದಾಗ ತಾನೇ ಗೊತ್ತಾಗುತ್ತೆ." ಈ ಮಾತನ್ನು ಪೇಷಂಟುಗಳು ಹೇಳುತ್ತಾರೆ, ಅವರ ಅತ್ತೆ ಹೇಳುತ್ತಾರೆ, ಅದೇ ಸರ್ಜರಿ ಮಾಡಿಸಿಕೊಂಡ ಪಕ್ಕದ ಬೀದಿಯವರೂ ಹೇಳುತ್ತಾರೆ. ದಯವಿಟ್ಟು ಇದನ್ನು ನಂಬಬೇಡಿ. ಶುರುವಿನ ತಿಂಗಳುಗಳಲ್ಲಿ ಹೊಟ್ಟೆ ತಪ್ಪು ಲೆಕ್ಕ ಕೊಡುತ್ತದೆ, ಆಮೇಲೆ ತಡವಾಗಿ ಕೊಡುತ್ತದೆ, ಕೆಲವು ತಿಂಡಿಗಳ ವಿಷಯದಲ್ಲಿ ಲೆಕ್ಕವನ್ನೇ ಕೊಡುವುದಿಲ್ಲ.

ಶುರುವಿನದ್ದನ್ನೇ ತೆಗೆದುಕೊಳ್ಳಿ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದು, ಬಾಳೆಕಾಯಿಯಂಥ ಒಂದು ಕೊಳವೆ ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಜಠರದ ಮೇಲಿನ ಉಬ್ಬಿನಲ್ಲಿ, ಆ ಉಬ್ಬೂ ಹೋಗಿರುತ್ತದೆ. ಜೊತೆಗೆ ಹೊಲಿಗೆಯ ಜಾಗದಲ್ಲಿ ಬಾವು. ಹಾಗಾಗಿ ಹಸಿವೇ ಇರುವುದಿಲ್ಲ, ಎರಡು ಚಮಚಕ್ಕೆ ಸಾಕೆನಿಸುತ್ತದೆ. ಹೊಟ್ಟೆಯ ಮಾತು ಕೇಳಿ ಅಲ್ಲಿಗೇ ಎದ್ದವರು ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಎಲ್ಲಿಂದ ತಂದಾರು? ತಕ್ಕಡಿಯಲ್ಲಿ ತೂಕ ಇಳಿದದ್ದು ಕಾಣುತ್ತದೆ, ಅದರಲ್ಲಿ ಸ್ನಾಯುವೂ ಕರಗುತ್ತಿರುವುದು ಕಾಣುವುದಿಲ್ಲ. ಸರ್ಜರಿಯಾದ ಕೆಲವು ತಿಂಗಳಿಗೆ ಕೂದಲು ಉದುರುವುದು ಬಹಳ ಜನರಿಗೆ ಇದ್ದದ್ದೇ. ಪ್ರೋಟೀನ್, ಕಬ್ಬಿಣಾಂಶ ಕಡಿಮೆಯಾದರೆ ಅದು ಇನ್ನೂ ಹೆಚ್ಚುತ್ತದೆ. ಅಳತೆ ಇರುವುದು ಹೆಚ್ಚು ತಿನ್ನದಿರಲಿ ಅಂತ ಮಾತ್ರವಲ್ಲ, ಕಡಿಮೆಯೂ ಆಗದಿರಲಿ ಅಂತ.

ಎರಡನೆಯದು, ತಡ. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟಲು 15-20 ನಿಮಿಷ ಬೇಕು. ನಮ್ಮಲ್ಲಿ ಬೆಳಗಿನ ತಿಂಡಿ ಐದು ನಿಮಿಷಕ್ಕೆ ಮುಗಿಯುತ್ತದೆ. ಸುದ್ದಿ ಬರುವಷ್ಟರಲ್ಲಿ ಎದೆ ನಡುವೆ ಒತ್ತಿ ಹಿಡಿದಂತಾಗಿ, ಬಾಯಲ್ಲಿ ನೊರೆ ಬಂದು, ತಿಂದದ್ದು ಹೊರಗೆ. ನಿಜವಾದ ಸೂಚನೆ ಅದಕ್ಕೂ ಮೊದಲೇ ಬರುತ್ತದೆ: ಒಂದು ಬಿಕ್ಕಳಿಕೆ, ಸೀನು, ಇಲ್ಲವೇ ಮೂಗು ಸೋರುವುದು. ಅಲ್ಲಿಗೇ ಚಮಚ ಕೆಳಗಿಡಿ. ದಿನಾ ವಾಂತಿಯಾಗುತ್ತಿದ್ದರೆ ಮಾತ್ರ ಮನೆಮದ್ದು ಮಾಡುತ್ತ ಕೂರಬೇಡಿ, ಬಿ1 ವಿಟಮಿನ್ ಕುಸಿದು ನರಗಳಿಗೆ ಪೆಟ್ಟಾಗಬಹುದು. ಡಾಕ್ಟರಿಗೆ ಅವತ್ತೇ ಫೋನ್ ಮಾಡಿ.

ಮೂರನೆಯದೇ ದೊಡ್ಡ ಮೋಸ. ಒಂದು ಬೇಯಿಸಿದ ಮೊಟ್ಟೆ, ಎರಡು ಚಮಚ ಪನೀರ್ ಬುರ್ಜಿ ತಿಂದವರಿಗೆ ಮುಂದಿನ ತುತ್ತು ಇಳಿಯುವುದಿಲ್ಲ. ಅದೇ ಮನುಷ್ಯ ಸಂಜೆ ಟೀವಿ ಮುಂದೆ ಕೂತು, ಕಾಫಿ ಹೀರುತ್ತ, 100 ಗ್ರಾಂ ಖಾರಾ ಮಿಕ್ಸ್ಚರ್ ಪೊಟ್ಟಣ ಖಾಲಿ ಮಾಡಬಲ್ಲರು. ಸುಮಾರು 500 ಕ್ಯಾಲೊರಿ, ಹೊಟ್ಟೆ ತಕರಾರೇ ಮಾಡದು. ಕಾಫಿಯಲ್ಲಿ ನೆನೆದದ್ದು ಕೊಳವೆಯಲ್ಲಿ ನಿಲ್ಲದೆ ಜಾರಿಹೋಗುತ್ತದೆ. ಐಸ್‌ಕ್ರೀಮು, ಬೆಲ್ಲದ ಅಂಬಲಿ, ಬಿಸ್ಕತ್ತು, ಕಿವುಚಿ ತೆಳ್ಳಗೆ ಮಾಡಿದ ಮೊಸರನ್ನ, ಎಲ್ಲ ಇದೇ ದಾರಿ. ಎರಡನೇ ವರ್ಷದಲ್ಲಿ ತೂಕ ಮತ್ತೆ ಏರಿತು, ಹೊಟ್ಟೆ ಹಿಗ್ಗಿರಬೇಕು ಅಂತ ಬರುವವರ ಊಟದ ಡೈರಿ ತೆಗೆದರೆ ಎಷ್ಟೋ ಸಲ ಸಿಗುವುದು ಇವೇ.

ಅಳೆಯುವುದು ಕಷ್ಟದ ಕೆಲಸವಲ್ಲ. "ಒಂದು ಬಟ್ಟಲು" ಅಂದರೆ ನಿಮ್ಮ ಮನೆಯಲ್ಲಿ 100 ಮಿಲಿ, ನನ್ನ ಮನೆಯಲ್ಲಿ 180 ಇರಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಖಾಲಿ ಬಟ್ಟಲಿಟ್ಟು, ಸೊನ್ನೆಗೆ ತಂದು, ನೀರು ಹಾಕಿ. 100 ಗ್ರಾಂ ನೀರೆಂದರೆ 100 ಮಿಲಿ. ತಕ್ಕಡಿ ಇಲ್ಲವೇ? ಕೆಮ್ಮಿನ ಸಿರಪ್ಪಿನ ಬಾಟಲಿ ಮೇಲಿನ ಮುಚ್ಚಳದಲ್ಲಿ ಗೆರೆ ಇರುತ್ತದಲ್ಲ, 15 ಮಿಲಿ ಗೆರೆಗೆ ಎಂಟು ಸಲ ಸುರಿದರೆ 120. ನೀರು ನಿಂತ ಮಟ್ಟಕ್ಕೆ ಹೊರಗಡೆಯಿಂದ ನೈಲ್ ಪಾಲಿಶ್ ಗೆರೆ ಎಳೆದುಬಿಡಿ, ಅದು ಇನ್ನು ನಿಮ್ಮ ಬಟ್ಟಲು.

ಆ ಬಟ್ಟಲಿಗೆ ಮೊದಲು ಬೀಳಬೇಕಾದದ್ದು ಪ್ರೋಟೀನ್. ಪನೀರು, ಕೋಳಿ, ಮೀನನ್ನು ಗ್ರಾಂ ಲೆಕ್ಕದಲ್ಲಿ, ಬೆಂದ ಮೇಲೆ ತೂಗಿ. ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್, 40 ಗ್ರಾಂ ಪನೀರಿನಲ್ಲಿ 7. ಸಸ್ಯಾಹಾರಿಗಳು "ದಿನಾ ಬೇಳೆ ಸಾರು ತಿಂತೀನಲ್ಲ" ಅನ್ನುತ್ತಾರೆ. ತಿನ್ನುವುದು ಮೇಲಿನ ತಿಳಿ, ಬೇಳೆ ಪಾತ್ರೆಯ ತಳದಲ್ಲೇ ಉಳಿದಿರುತ್ತದೆ. ಸೌಟು ತಳಕ್ಕೆ ಹೋಗಲಿ, ಗಟ್ಟಿ ತೊವ್ವೆ ಬರಲಿ. ಅಷ್ಟಾದರೂ ಊಟವೊಂದರಿಂದಲೇ 60 ಮುಟ್ಟುವುದು ಮೊದಲ ತಿಂಗಳುಗಳಲ್ಲಿ ಕಷ್ಟ. ಪ್ರೋಟೀನ್ ಪೌಡರ್ ಬರೆದುಕೊಟ್ಟಿರುವುದು ಅದಕ್ಕೇ, ನಡುವೆ ಬಿಡಬೇಡಿ.

ಯಾರೂ ಕೇಳಿಲ್ಲ, ಆದರೂ ಮದುವೆ ಊಟದ ಬಗ್ಗೆ ಹೇಳಲೇಬೇಕು. ಬಾಳೆ ಎಲೆ ಮುಂದೆ ಕೂತು ಬಟ್ಟಲು ಹೊರತೆಗೆಯಲು ಆಗುವುದಿಲ್ಲ, ನಿಜ. ಆದರೆ ನಮ್ಮ ಕಡೆ ಮೊದಲು ಪಾಯಸ ಮುಟ್ಟುವ ಪದ್ಧತಿ. ಖಾಲಿ ಹೊಟ್ಟೆಗೆ ಸಿಹಿ ಬಿದ್ದು ನೇರ ಕರುಳಿಗೆ ಇಳಿದರೆ ಅರ್ಧ ಗಂಟೆಯೊಳಗೆ ಎದೆ ಡವಡವ, ಬೆವರು, ತಲೆಸುತ್ತು, ಭೇದಿ. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ಜಠರದ ಹೆಚ್ಚಿನ ಭಾಗ ಬಳಸಿ ದಾಟಿ ಊಟ ಕರುಳಿಗೆ ಇಳಿಯುವಂತೆ ಜೋಡಿಸುವ ಇನ್ನೊಂದು ಸರ್ಜರಿ, ಆದವರಲ್ಲಿ ಹೆಚ್ಚು, ಸ್ಲೀವ್ ಆದವರಲ್ಲೂ ಇದೆ. ಶಾಸ್ತ್ರಕ್ಕೆ ಬೆರಳ ತುದಿಯಷ್ಟು ನಾಲಿಗೆಗೆ ಮುಟ್ಟಿಸಿ ಸಾಕುಮಾಡಿ. ಹೆಸರುಬೇಳೆ ಕೋಸಂಬರಿ ಬಂದಾಗ ಎರಡು ಚಮಚ ಹಾಕಿಸಿಕೊಂಡು ಚೆನ್ನಾಗಿ ಅಗಿದು ತಿನ್ನಿ, ಆಮೇಲೆ ತೊವ್ವೆ, ಪಲ್ಯ. ಅನ್ನ ಬರುವಾಗ "ಅರ್ಧ ಸೌಟು ಸಾಕು" ಅಂತ ಎಲೆ ಮೇಲೆ ಕೈ ಅಡ್ಡ ಇಡಿ, ಬಡಿಸುವವರು ಎರಡು ಸಲ ಕೇಳಿದರೂ ಕೈ ತೆಗೆಯಬೇಡಿ. ಮಜ್ಜಿಗೆ ಬೇಕಿದ್ದರೆ ಲೋಟಕ್ಕೆ ಹಾಕಿಸಿಕೊಂಡು ಪಕ್ಕಕ್ಕಿಡಿ. ಕೈ ತೊಳೆದು, ನಾಲ್ಕು ಜನರನ್ನು ಮಾತಾಡಿಸಿ, ಅರ್ಧ ಗಂಟೆ ಕಳೆದ ಮೇಲೆ ಗುಟುಕು ಗುಟುಕಾಗಿ ಕುಡಿಯಿರಿ.