ಗದ್ದೆ ಇಲಿ: ಬಿಲ ಎಣಿಸುವಾಗ ನಾನು ಎಡವಿದ್ದು

ಭತ್ತದ ಗದ್ದೆಯಲ್ಲಿ ಇಲಿ ಎಂದರೆ ಒಂದೇ ಜಾತಿಯಲ್ಲ. ಬದು ಕೊರೆದು ತೆನೆಯನ್ನು ಬಿಲಕ್ಕೆ ಸಾಗಿಸಿ ಕೂಡಿಡುವುದು ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್, ಅಂದರೆ ಗದ್ದೆ ಹೆಗ್ಗಣ. ಪುಟ್ಟ ಮಸ್ ಬೂಡುಗಾ, ಮಿಲಾರ್ಡಿಯಾ ಮೆಲ್ಟಾಡಾಗಳೂ ಇರುತ್ತವೆ. ಹೆಸರುಗಳು ಬಾಯಿಪಾಠಕ್ಕೆ ಬರುತ್ತವೆ, ಬಿಡಿ.

ನನ್ನ ತಲೆ ತಿಂದದ್ದು ಜೀವಂತ ಬಿಲದ, ಅಂದರೆ ಒಳಗೆ ಇಲಿ ಇರುವ ಬಿಲದ ಲೆಕ್ಕ. ಬದುವಿನ ಮೇಲೆ ನಡೆಯುತ್ತಾ ಕಂಡ ತೂತನ್ನೆಲ್ಲ ಎಣಿಸಿ 34 ಎಂದು ಬರೆದುಕೊಂಡಿದ್ದೆ. ಬಾಯಿ ತೆರೆದ ಬಿಲದಲ್ಲಿ ಇಲಿ ಇದೆ ಎಂದು ನನ್ನ ಎಣಿಕೆ. ಆದರೆ ಹೆಗ್ಗಣ ಒಳಗಿದ್ದಾಗ ಬಿಲದ ಬಾಯಿಗೆ ಮಣ್ಣು ತುರುಕಿಕೊಂಡಿರುತ್ತದೆ. ಹೊರಗೆ ಹಸಿ ಮಣ್ಣಿನ ಗುಡ್ಡೆಯಷ್ಟೇ ಕಾಣುತ್ತದೆ. ಬಾಯಿ ತೆರೆದೇ ಬಿದ್ದಿರುವುದು ಎಷ್ಟೋ ಸಲ ಬಿಟ್ಟುಹೋದ ಬಿಲ, ಇಲ್ಲವೇ ಏಡಿಯದು.

ಸರಿಯಾದ ಕ್ರಮ: ಸಂಜೆ ಎಲ್ಲ ಬಾಯಿಗಳನ್ನೂ ಮುಚ್ಚಿ, ಬೆಳಿಗ್ಗೆ ತೆರೆದವನ್ನು ಮಾತ್ರ ಎಣಿಸುವುದು. ಇಲ್ಲಿ ಮತ್ತೆ ಸಿಕ್ಕಿಬಿದ್ದೆ. ಒಳಗಿಂದ ಮುಚ್ಚಿಕೊಳ್ಳುವ ಪ್ರಾಣಿ ಬೆಳಿಗ್ಗೆ ತೆರೆದಿಟ್ಟಿರುತ್ತದೆಯೇ? ರಾತ್ರಿ ಮೇಯಲು ಹೊರಬಂದು, ಮರಳಿ ಮುಚ್ಚಿಕೊಂಡಿದ್ದರೆ? ಅದಕ್ಕೇ ಈಗ ಮುಚ್ಚಿದ ಮಣ್ಣನ್ನು ಅಂಗೈಯಿಂದ ತಟ್ಟಿ ನಯ ಮಾಡುತ್ತೇನೆ. ಆ ನಯ ಕೆಟ್ಟಿದ್ದರೆ, ಬಾಯಿ ಮುಚ್ಚಿದ್ದರೂ ಬಿಲ ಜೀವಂತ. ಹೀಗೆ 34 ಇಳಿದು 11 ಆಯಿತು.

11 ಬಾಯಿ ಎಂದರೆ 11 ಹೆಗ್ಗಣವಲ್ಲ. ಒಂದೇ ಬಿಲಕ್ಕೆ ಹಲವು ಬಾಯಿ. ಮರಿ ಹಾಕಿದ ತಾಯಿಯನ್ನು ಬಿಟ್ಟರೆ ಸಾಮಾನ್ಯವಾಗಿ ಬಿಲಕ್ಕೊಂದೇ ಹೆಗ್ಗಣ. ಆದರೂ ಬಿದಿರಿನ ಬಿಲ್ಲು ಬೋನು ಎಲ್ಲೆಲ್ಲಿ ಇಡಬೇಕೆಂದು ಹೇಳಲು ಈ 11 ಸಾಕು.

ಯಾವಾಗ ಇಡಬೇಕು? ಹೊಡೆ (ಇನ್ನೂ ಹೊರಬರದ ಎಳೆ ತೆನೆ) ಬರುವುದಕ್ಕೆ ಮೊದಲೇ. ತೆನೆ ಹಾಲುದುಂಬಿದರೆ ಹೊಟ್ಟೆತುಂಬ ಮೇವು, ಮರಿಗಳ ಸುಗ್ಗಿ. ಗರ್ಭ ಸುಮಾರು 3 ವಾರವಷ್ಟೇ. ಗದ್ದೆ ತುಂಬ ಕಾಳಿರುವಾಗ ಬೋನಿನ ತಿಂಡಿಯನ್ನು ಮೂಸಿಯೂ ನೋಡವು.

ಬದು ಸಣ್ಣದಿರಲಿ, ಅಗಲವಾದಷ್ಟೂ ಬಿಲಕ್ಕೆ ಅನುಕೂಲ. ರಾತ್ರಿ ಗೂಬೆ ಕೂರಲು ಕವಲು ಕೋಲು ನೆಡಿ. ತಲೆ ಮೇಲೆ ಗೂಬೆ ಕೂರಿಸಿದರೆ ಜಗಳ, ಗದ್ದೆಯಲ್ಲಿ ಕೂರಿಸಿದರೆ ಲಾಭ!

ಇನ್ನೊಂದು: ಬದುವಿನ ಒಂದು ಮಗ್ಗುಲು ಪಕ್ಕದ ಗದ್ದೆಯವರದು, ಎಷ್ಟೋ ಬಾಯಿಗಳು ಅತ್ತಲೇ. ನಮ್ಮ ಕಡೆ ಮಾತ್ರ ಹಿಡಿದರೆ ಖಾಲಿಯಾದ ಬಿಲಕ್ಕೆ ಅತ್ತಲಿಂದ ಹೊಸಬರು ಬರುತ್ತಾರೆ. ಕೇಳದೆ ಅವರ ಕಡೆಯವನ್ನೂ ಮುಚ್ಚಲು ಹೋಗಿ, "ಏನ್ರಪ್ಪಾ, ನಮ್ಮ ಬದೂಲಿ ಏನು ಹೂತಿಡ್ತಿದ್ದೀರಾ?" ಅನ್ನಿಸಿಕೊಂಡೆವು.