ಘಾಟಿ ಹತ್ತಿದ ಎಂಜಿನ್ನಿಗೆ ಗಾಳಿ ಸಾಲದು

ರಿಮೋಟ್ ಹಿಡಿದು ಆಡಿಸುವ ಪುಟ್ಟ ಮಾದರಿ ವಿಮಾನಗಳಲ್ಲಿ ಬ್ಯಾಟರಿಯದನ್ನು ಹಾರಿಸಿ ಕೈ ಪಳಗಿದವರು ಒಂದಲ್ಲ ಒಂದು ದಿನ ಇಂಧನದ ಎಂಜಿನ್ ಕಡೆ ಕಣ್ಣು ಹಾಕುತ್ತಾರೆ. ಆ ಸದ್ದು, ಆ ಬಿಳಿ ಹೊಗೆ, ಸುಟ್ಟ ಹರಳೆಣ್ಣೆಯ ಆ ವಾಸನೆ. ಇದಕ್ಕೆ ಸೋಲದವರು ಕಮ್ಮಿ. ಆಗ ಎಲ್ಲರೂ ಕೇಳುವುದು, ಹಾರಿಸೋದು ಕಷ್ಟನಾ ಅಂತ. ಹಾರಿಸುವುದು ಅಂಥ ಕಷ್ಟವೇನಲ್ಲ. ಗಾಳಿಯನ್ನು ಲೆಕ್ಕಕ್ಕೆ ಹಿಡಿಯುವುದು ಕಷ್ಟ. ಬ್ಯಾಟರಿ ಮೋಟಾರು ಉಸಿರಾಡುವುದಿಲ್ಲ, ಎಂಜಿನ್ ಉಸಿರಾಡುತ್ತದೆ, ಮತ್ತು ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಅದು ಎಳೆದುಕೊಳ್ಳುವ ಗಾಳಿ ಮಂಗಳೂರಿನ ಗಾಳಿಯಷ್ಟು ದಟ್ಟವಲ್ಲ.

ಮೊದಲು ಎಂಜಿನ್ ನೋಡೋಣ. ಹಾರಿಸಲು ಕಲಿಯುವವರ ಟ್ರೈನರ್ ವಿಮಾನಗಳಿಗೆ ಜಾಸ್ತಿ ಕೂರಿಸುವುದು ನಲವತ್ತು ಅಥವಾ ನಲವತ್ತಾರು ಸೈಜಿನ ಗ್ಲೋ ಎಂಜಿನ್, ಅಂದರೆ ಕಿಡಿಯ ಬದಲು ಕಾದ ತಂತಿಯಿಂದ ಇಂಧನ ಹೊತ್ತಿಸುವ ಎಂಜಿನ್. ನಲವತ್ತಾರು ಅಂದರೆ 0.46 ಘನ ಇಂಚು, ಸುಮಾರು 7.5 ಸಿಸಿ. ಅಂಗೈಯಲ್ಲಿ ಹಿಡಿಸುತ್ತದೆ, ಆದರೂ ಒಂದು ಕುದುರೆಶಕ್ತಿ ದಾಟುತ್ತದೆ. ಇದಕ್ಕೆ ಪೆಟ್ರೋಲ್ ಹಾಕುವ ಹಾಗಿಲ್ಲ. ಇದರ ಇಂಧನ ಮೆಥನಾಲ್, ಜೊತೆಗೆ ಹತ್ತಿರ ಹತ್ತಿರ 20% ಎಣ್ಣೆ, ಸಾಮಾನ್ಯವಾಗಿ 5ರಿಂದ 15% ನೈಟ್ರೊಮೀಥೇನ್. ನೈಟ್ರೊ ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಬರೀ 80 ಭಾಗ ಮೆಥನಾಲ್ ಮತ್ತು 20 ಭಾಗ ಹರಳೆಣ್ಣೆಯಲ್ಲೂ ಎಂಜಿನ್ ಓಡುತ್ತದೆ. ಸ್ವಲ್ಪ ಸೋಮಾರಿಯಾಗಿ ಓಡುತ್ತದೆ, ಅಷ್ಟೇ. ಹರಳೆಣ್ಣೆ ಪೆಟ್ರೋಲಿನಲ್ಲಿ ಸರಿಯಾಗಿ ಬೆರೆಯುವುದಿಲ್ಲ, ಆಲ್ಕೋಹಾಲಿನಲ್ಲಿ ಚೆನ್ನಾಗಿ ಬೆರೆಯುತ್ತದೆ. ಕಾದರೂ ಜಾರುವ ಗುಣ ಬಿಡುವುದಿಲ್ಲ. ಮೊದಲ ಮಹಾಯುದ್ಧದ ರೋಟರಿ ಎಂಜಿನ್ ವಿಮಾನಗಳೂ ಹರಳೆಣ್ಣೆ ಕುಡಿದೇ ಹಾರಿದ್ದು. ಹಾಗಂತ ಅಜ್ಜಿ ತಲೆಗೆ ಹಚ್ಚುವ ಬಾಟಲಿಯಿಂದ ಸುರಿಯಬೇಡಿ. ಎಂಜಿನ್ನಿಗೆ ಬೇಕಾದದ್ದು ಅಂಟು ತೆಗೆದು ಶುದ್ಧ ಮಾಡಿದ ಹರಳೆಣ್ಣೆ.

ನನಗೆ ಇವತ್ತಿಗೂ ಬೆರಗು ಹುಟ್ಟಿಸುವುದು ಇದರ ಪ್ಲಗ್. ಬೈಕಿನ ಪ್ಲಗ್ಗಿನಂತೆ ಕಿಡಿ ಹಾರಿಸುವುದಿಲ್ಲ. ಒಳಗೆ ಪ್ಲಾಟಿನಂ ಬೆರೆತ ಸಣ್ಣ ತಂತಿಯ ಸುರುಳಿ ಇದೆ. ಶುರುವಿನಲ್ಲಿ 1.5 ವೋಲ್ಟಿನ ಸೆಲ್ ಹಿಡಿದು ಅದನ್ನು ಕೆಂಪಗೆ ಕಾಯಿಸಬೇಕು. ಎಂಜಿನ್ ಹತ್ತಿಕೊಂಡ ಮೇಲೆ ಸೆಲ್ ತೆಗೆದುಬಿಡಬಹುದು. ಪ್ಲಾಟಿನಂ ಮೈಮೇಲೆ ಮೆಥನಾಲ್ ಆವಿ ಆಮ್ಲಜನಕದ ಜೊತೆ ಸೇರಿ ಬಿಸಿ ಹುಟ್ಟಿಸುತ್ತದೆ, ಹಿಂದಿನ ಸ್ಫೋಟದ ಬಿಸಿ ಇನ್ನೂ ಉಳಿದಿರುತ್ತದೆ, ಪಿಸ್ಟನ್ ಒತ್ತಿದ ಗಾಳಿಯೂ ಬಿಸಿಯಾಗುತ್ತದೆ. ಇಷ್ಟೇ ಸಾಕು, ಸುರುಳಿ ತಾನಾಗಿ ಕೆಂಪಗೆ ಉಳಿಯುತ್ತದೆ. ವೈರಿಲ್ಲ, ಕಾಯಿಲ್ ಇಲ್ಲ, ಕಿಡಿಗೆ ಕರೆಂಟ್ ಕೊಡುವ ಮ್ಯಾಗ್ನೆಟೊ ಇಲ್ಲ.

ಈಗ ಗಾಳಿಯ ಲೆಕ್ಕ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಒಂದು ಗ್ರಾಂ ಮೆಥನಾಲ್‌ಗೆ 6.4 ಗ್ರಾಂ ಸಾಕು. ಹಾಗಾಗಿ ಅದೇ ಗಾಳಿಗೆ ಮೆಥನಾಲ್ ಜಾಸ್ತಿ ಖರ್ಚಾಗುತ್ತದೆ. 300 ಮಿಲಿಲೀಟರ್ ಟ್ಯಾಂಕ್ ಹತ್ತು ಹದಿನೈದು ನಿಮಿಷಕ್ಕೆ ಖಾಲಿ. ಇದರಲ್ಲಿ ಒಂದು ಲಾಭವೂ ಇದೆ. ಆವಿಯಾಗುವಾಗ ಮೆಥನಾಲ್ ಪೆಟ್ರೋಲಿಗಿಂತ ಸುಮಾರು ಮೂರು ಪಟ್ಟು ಬಿಸಿ ಹೀರಿಕೊಳ್ಳುತ್ತದೆ, ಎಂಜಿನ್ನನ್ನು ಒಳಗಿನಿಂದಲೇ ತಣ್ಣಗಿಡುತ್ತದೆ. ಗಾಳಿಗೆ ಎಷ್ಟು ಇಂಧನ ಬೆರೆಯಬೇಕು ಅಂತ ತೀರ್ಮಾನಿಸುವುದು ಕಾರ್ಬುರೇಟರಿನ ಪಕ್ಕದ ಒಂದು ಸೂಜಿ. ಎಲ್ಲರೂ ಅದನ್ನು ನೀಡಲ್ ಅಂತಲೇ ಕರೆಯುತ್ತಾರೆ. ಬಿಚ್ಚಿದರೆ ಇಂಧನ ಜಾಸ್ತಿ, ಅದು ರಿಚ್. ಮುಚ್ಚಿದರೆ ಕಮ್ಮಿ, ಅದು ಲೀನ್. ಲೀನ್ ಆದರೆ ಶಕ್ತಿ ಹೋಗುವುದಷ್ಟೇ ಅಲ್ಲ. ಎಣ್ಣೆ ಇರುವುದೂ ಇಂಧನದಲ್ಲೇ ಅಲ್ವಾ? ಇಂಧನ ಕಮ್ಮಿ ಆದರೆ ಎಣ್ಣೆಯೂ ಕಮ್ಮಿ, ತಂಪೂ ಕಮ್ಮಿ. ಹೊಸ ಎಂಜಿನ್ ಒಂದೇ ಮಧ್ಯಾಹ್ನದಲ್ಲಿ ಹಾಳಾಗುವುದು ಹೀಗೆ.

ಹಾಸನ ಸಮುದ್ರಮಟ್ಟದಿಂದ ಹೆಚ್ಚುಕಮ್ಮಿ 950 ಮೀಟರ್ ಎತ್ತರದಲ್ಲಿದೆ. ಚಿಕ್ಕಮಗಳೂರು 1,000 ದಾಟುತ್ತದೆ. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು 10% ಕಮ್ಮಿ. ಮಂಗಳೂರಿನಲ್ಲಿ ಚೆನ್ನಾಗಿ ಟ್ಯೂನ್ ಮಾಡಿದ ಎಂಜಿನ್ನನ್ನು ಕಾರಿನಲ್ಲಿ ಹಾಕಿಕೊಂಡು ಶಿರಾಡಿ ಘಾಟಿ ಹತ್ತಿ ಬಂದು, ಸೂಜಿ ಮುಟ್ಟದೆ ಇಲ್ಲಿ ಸ್ಟಾರ್ಟ್ ಮಾಡಿ ನೋಡಿ. ಕೆಮ್ಮುತ್ತದೆ, ಹೊಗೆ ಜಾಸ್ತಿ ಬಿಡುತ್ತದೆ. ಗಾಳಿಯ ತೂಕ ಹತ್ತನೇ ಒಂದು ಭಾಗ ಇಳಿದಿದೆ, ಇಂಧನ ಮಾತ್ರ ಅದರ ಅರ್ಧದಷ್ಟೇ ಇಳಿದಿದೆ, ಯಾಕೆಂದರೆ ಕಾರ್ಬುರೇಟರಿನ ಎಳೆತ ಗಾಳಿಯ ತೂಕದ ವರ್ಗಮೂಲವನ್ನು ಹಿಂಬಾಲಿಸುತ್ತದೆ. ಅಂದರೆ ಘಾಟಿ ಹತ್ತಿದ್ದೇ ತಡ ಎಂಜಿನ್ ತಾನಾಗಿ ರಿಚ್ ಆಗಿದೆ. ಸೂಜಿಯನ್ನು ಕೆಲವು ಕ್ಲಿಕ್ ಮುಚ್ಚಬೇಕು. ಇದರ ತಿರುಗಾಮುರುಗಾ ಅಪಾಯಕಾರಿ. ಇಲ್ಲಿ ಹೊಂದಿಸಿದ ಎಂಜಿನ್ನನ್ನು ಹಾಗೇ ಕೆಳಗಿಳಿಸಿದರೆ ಅಲ್ಲಿ ಲೀನ್.

ಕೈಪಿಡಿಯಲ್ಲಿ ಸೂಜಿ ಇಷ್ಟು ಸುತ್ತು ಬಿಚ್ಚಿ ಅಂತ ಬರೆದಿರುತ್ತದೆ. ಅದು ಆರಂಭಕ್ಕೆ ಮಾತ್ರ. ನಿಜವಾದ ಅಳತೆ ಕಿವಿಯಲ್ಲಿದೆ. ಒಬ್ಬರು ಬಾಲ ಗಟ್ಟಿಯಾಗಿ ಹಿಡಿದುಕೊಳ್ಳಲಿ, ನೀವು ಪ್ರಾಪ್‌ನ (ಮುಂದೆ ತಿರುಗುವ ಪ್ರೊಪೆಲ್ಲರಿನ) ಹಿಂದೆ ಕೂತು ಥ್ರಾಟಲ್ ಪೂರ್ತಿ ಕೊಡಿ. ರಿಚ್ ಇದ್ದಾಗ ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಹೊತ್ತಿಕೊಂಡಂತೆ ಗೊರಗೊರ ಸದ್ದು. ಒಂದೊಂದೇ ಕ್ಲಿಕ್ ಮುಚ್ಚುತ್ತಾ ಹೋದರೆ ಒಂದು ಕಡೆ ಸದ್ದು ಥಟ್ಟನೆ ಏರಿ, ಎಳೆದ ತಂತಿಯ ಹಾಗೆ ತೆಳ್ಳಗೆ ಒಂದೇ ಸಮನೆ ಕೇಳುತ್ತದೆ. ಅಲ್ಲಿ ನಿಲ್ಲಿಸಬೇಡಿ. ಒಂದೆರಡು ಕ್ಲಿಕ್ ವಾಪಸ್ ಬಿಚ್ಚಿ. ಆಮೇಲೆ ಇಂಧನದ ಪೈಪನ್ನು ಅರೆಕ್ಷಣ ಹಿಸುಕಿ ಬಿಡಿ. ಸದ್ದು ಸ್ವಲ್ಪ ಏರಿ ವಾಪಸ್ ಇಳಿದರೆ ಸರಿ ಇದೆ. ಏರದೆ ನೇರವಾಗಿ ಕುಸಿದರೆ ಲೀನ್. ಕೊನೆಗೆ ಮೂತಿ ಆಕಾಶಕ್ಕೆ ಮಾಡಿ ಹಿಡಿಯಿರಿ. ಆಗ ಟ್ಯಾಂಕ್ ಎಂಜಿನ್ನಿನ ಕೆಳಗೆ ಹೋಗುತ್ತದೆ, ಇಂಧನ ಮೇಲಕ್ಕೆ ಹತ್ತಬೇಕು. ಆ ಸ್ಥಿತಿಯಲ್ಲೂ ಸದ್ದು ಬಾಡದಿದ್ದರೆ ಹಾರಿಸಬಹುದು. ಸೈಲೆನ್ಸರಿನಿಂದ ತೆಳ್ಳನೆ ಹೊಗೆ ಬರುತ್ತಲೇ ಇರಬೇಕು.

ಒಮ್ಮೆ ಹೊಂದಿಸಿದರೆ ಮುಗಿಯುವುದೂ ಇಲ್ಲ. ಡಿಸೆಂಬರ್ ಬೆಳಗ್ಗೆ 14 ಡಿಗ್ರಿ, ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಅಂದುಕೊಳ್ಳಿ. ಊರು ಅದೇ, ಆದರೆ ಗಾಳಿಯ ತೂಕ ಸುಮಾರು 7% ಬದಲಾಯಿತು. ಅದಕ್ಕೇ ಪಳಗಿದವರು ಪ್ರತಿ ಸಲ ಮೈದಾನಕ್ಕೆ ಬಂದಾಗ ಸೂಜಿ ಮುಟ್ಟಿ ನೋಡುತ್ತಾರೆ. ಇನ್ನೊಂದು ಮಾತು: ತೇವದ ಗಾಳಿ ಭಾರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ನಿಜವಾಗಿ ಒಣ ಗಾಳಿಗಿಂತ ಅದೇ ಹಗುರ.

ತೆಳು ಗಾಳಿ ಎಂಜಿನ್ನಿಗಷ್ಟೇ ಕೈ ಹಾಕುವುದಿಲ್ಲ. ಸೂಜಿ ಸರಿ ಮಾಡಿದರೂ ಎಂಜಿನ್ನಿನ ಶಕ್ತಿ ಹತ್ತನೇ ಒಂದು ಭಾಗ ಕಮ್ಮಿ. ಪ್ರಾಪ್ ತಿರುಗಲು ಎದುರಾಗುವ ತಡೆಯೂ ಅಷ್ಟೇ ಕಮ್ಮಿ. ಹಾಗಾಗಿ ಸುತ್ತು ಎಣಿಸುವ ಮೀಟರ್ ಹಿಡಿದು ನೋಡಿದರೆ ಸುತ್ತು ಹೆಚ್ಚುಕಮ್ಮಿ ಮಂಗಳೂರಿನಷ್ಟೇ ಬರುತ್ತದೆ, ಎಳೆತ ಮಾತ್ರ 10% ಕಮ್ಮಿ. ಸುತ್ತು ಸರಿ ಇದೆಯಲ್ಲ ಅಂತ ಸಣ್ಣ ಜಾಗದಲ್ಲಿ ಏರಿಸಲು ಹೋದವರಿಗೆ ತೆಂಗಿನ ಮರ ಎದುರಾಗುತ್ತದೆ.

ರೆಕ್ಕೆಯ ಕಥೆ ಇನ್ನೂ ಸೂಕ್ಷ್ಮ. ಅದೇ ಭಾರ ಎತ್ತಲು ತೆಳು ಗಾಳಿಯಲ್ಲಿ ಜಾಸ್ತಿ ವೇಗ ಬೇಕು, ಇಲ್ಲಿ ಸುಮಾರು 5%. ನಿಜವಾದ ವಿಮಾನದ ಪೈಲಟ್‌ಗೆ ಇದು ಅಷ್ಟಾಗಿ ಕಾಡುವುದಿಲ್ಲ, ಅವನ ವೇಗದ ಮೀಟರೂ ಗಾಳಿಯ ಒತ್ತಡದ ಮೇಲೇ ನಡೆಯುವುದರಿಂದ ಸ್ಟಾಲ್ ಆಗುವ, ಅಂದರೆ ರೆಕ್ಕೆ ಭಾರ ಎತ್ತಲಾರದೆ ಕೈಬಿಡುವ, ವೇಗದ ಅಂಕಿ ಎಲ್ಲ ಕಡೆ ಒಂದೇ ತೋರಿಸುತ್ತದೆ. ನಮಗೆ ಮೀಟರ್ ಇಲ್ಲ, ಕಣ್ಣು ಮಾತ್ರ. ಕಣ್ಣಿಗೆ ಕಾಣುವುದು ನೆಲದ ಮೇಲಿನ ವೇಗ. ಕರಾವಳಿಯಲ್ಲಿ ಕಲಿತ ಕಣ್ಣು "ಸಾಕು, ಇಳಿಸು" ಅನ್ನುವ ವೇಗ ಇಲ್ಲಿ ಸ್ಟಾಲ್‌ಗೆ ಇನ್ನಷ್ಟು ಹತ್ತಿರ ಇರುತ್ತದೆ. ಇಳಿಸುವಾಗ ಸ್ವಲ್ಪ ಜೋರಾಗಿಯೇ ಬನ್ನಿ.

ಟ್ರೈನರ್ ಇದನ್ನೆಲ್ಲ ಕ್ಷಮಿಸುವಂತೆ ಕಟ್ಟಿದ ವಿಮಾನ. ರೆಕ್ಕೆ ಮೇಲಿರುತ್ತದೆ, ತುದಿಗಳು ಸ್ವಲ್ಪ ಎತ್ತಿಕೊಂಡಿರುತ್ತವೆ, ರೆಕ್ಕೆಯ ಹೊಟ್ಟೆ ಚಪ್ಪಟೆ. ರಿಮೋಟಿನ ಸ್ಟಿಕ್ ಬಿಟ್ಟರೆ ತಾನೇ ಸಮ ಆಗಲು ನೋಡುತ್ತದೆ. ಎಂಜಿನ್ ಗಾಳಿಯಲ್ಲೇ ನಿಂತರೂ, ಡೆಡ್ ಸ್ಟಿಕ್ ಅನ್ನುತ್ತಾರಲ್ಲ, ತೇಲಿಕೊಂಡು ಬರುತ್ತದೆ. ಆಗ ಮೂತಿ ಎತ್ತಿ ದೂರ ಎಳೆಯಲು ನೋಡಬೇಡಿ, ಮೂತಿ ತಗ್ಗಿಸಿ ವೇಗ ಉಳಿಸಿಕೊಳ್ಳಿ, ರಾಗಿ ಹೊಲದಲ್ಲಿ ಇಳಿದರೂ ಪರವಾಗಿಲ್ಲ.

ಆದರೆ ಬ್ಯಾಟರಿಯ ಹಗುರ ಫೋಮ್ ವಿಮಾನದ ಸಲಿಗೆ ಇದರ ಹತ್ತಿರ ನಡೆಯುವುದಿಲ್ಲ. ಒಂದು ಕಿಲೋ ಫೋಮ್ ವಿಮಾನ ಸೆಕೆಂಡಿಗೆ 10 ಮೀಟರ್ ಹೋಗುವಾಗ ಅದರಲ್ಲಿರುವ ಚಲನಶಕ್ತಿ 50 ಜೂಲ್. ಎರಡೂವರೆ ಕಿಲೋ ಟ್ರೈನರ್ 15 ಮೀಟರ್ ವೇಗದಲ್ಲಿ ಬಂದರೆ 280 ಜೂಲ್ ದಾಟುತ್ತದೆ. ಪ್ರಾಪ್ ಅಂತೂ ಕೇಳಲೇಬೇಡಿ. 10 ಇಂಚಿನ ಪ್ರಾಪ್ ನಿಮಿಷಕ್ಕೆ 12,000 ಸುತ್ತು ತಿರುಗುವಾಗ ಅದರ ತುದಿ ಗಂಟೆಗೆ 570 ಕಿ.ಮೀ. ಮೀರಿದ ವೇಗದಲ್ಲಿರುತ್ತದೆ. ಬೆರಳಿನಲ್ಲಿ ತಿರುಗಿಸಿ ಸ್ಟಾರ್ಟ್ ಮಾಡುವುದು ಶೂರತನವಲ್ಲ, ಕೋಲೋ ಸ್ಟಾರ್ಟರೋ ಬಳಸಿ. ಸೂಜಿ ತಿರುಗಿಸುವುದು ಯಾವಾಗಲೂ ಹಿಂದಿನಿಂದ.

ಜಾಗದ ವಿಷಯ ಬೇಗ ಹೇಳಿಬಿಡುತ್ತೇನೆ. 2021ರ ಡ್ರೋನ್ ನಿಯಮಗಳಲ್ಲಿ 25 ಕಿಲೋವರೆಗಿನ ಹವ್ಯಾಸದ ಮಾದರಿ ವಿಮಾನಗಳೂ ಬರುತ್ತವೆ. ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು, ಹಸಿರು ವಲಯದಲ್ಲಿ 400 ಅಡಿವರೆಗೆ. ಯಾವ ಜಾಗ ಯಾವ ವಲಯ ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹೊರಡಬೇಡಿ. ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, ಮರೆಯಬೇಡಿ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ರೇಡಿಯೋದಲ್ಲೇ ಆಡಿಸುವವರು ಅವರು. ಅವರ ಅಂಗಳದಲ್ಲಿ ನಮ್ಮ ಆಟ ಬೇಡ. ಕಾಫಿ ತೋಟದ ಹತ್ತಿರವೂ ಬೇಡ, ಸಿಲ್ವರ್ ಓಕ್ ತುದಿಗೆ ಸಿಕ್ಕ ವಿಮಾನ ಇಳಿಸಲು ಮೆಣಸು ಕೀಳುವವರನ್ನೇ ಕರೆಯಬೇಕಾಗುತ್ತದೆ. ರಾಗಿ ಕೊಯ್ಲಾದ ಬಯಲು ಒಳ್ಳೆಯದು.

ಮಲೆನಾಡಿನ ಮಳೆಗಾಲಕ್ಕೆ ಒಂದು ಎಚ್ಚರಿಕೆ. ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮುಚ್ಚಳ ಸಡಿಲ ಬಿಟ್ಟ ಡಬ್ಬ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಲೆಯಲ್ಲಿ ಕೂತರೆ ಒಳಗೆ ನೀರು ಸೇರಿರುತ್ತದೆ, ಆಮೇಲೆ ಎಷ್ಟು ಸೂಜಿ ತಿರುಗಿಸಿದರೂ ಎಂಜಿನ್ ಒಂದೇ ಸಮನೆ ಓಡುವುದಿಲ್ಲ. ಎಂಜಿನ್ ಒಳಗೆ ಉಳಿದ ಹನಿಯೂ ಹಾಗೇ ತೇವ ಎಳೆದು ಬೇರಿಂಗ್‌ಗೆ ತುಕ್ಕು ಹಿಡಿಸುತ್ತದೆ. ದಿನದ ಹಾರಾಟ ಮುಗಿದ ಮೇಲೆ ಟ್ಯಾಂಕ್ ಬಸಿದು, ಉಳಿದದ್ದು ಖಾಲಿಯಾಗುವವರೆಗೆ ಓಡಿಸಿ, ಕಾರ್ಬುರೇಟರಿನಲ್ಲಿ ನಾಲ್ಕು ಹನಿ ಎಣ್ಣೆ ಬಿಟ್ಟು ಪ್ರಾಪ್ ತಿರುಗಿಸಿಡಿ. ಡಬ್ಬದ ಮೇಲೆ ದೊಡ್ಡದಾಗಿ ವಿಷ ಅಂತ ಬರೆಯಿರಿ, ಮೆಥನಾಲ್ ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು. ಅದಕ್ಕೆ ಬೆಂಕಿ ಹೊತ್ತಿದರೆ ಬಿಸಿಲಲ್ಲಿ ಜ್ವಾಲೆ ಕಾಣುವುದೂ ಇಲ್ಲ, ಆದ್ದರಿಂದ ಇಂಧನ ತುಂಬುವ ಜಾಗದ ಹತ್ತಿರ ಬೀಡಿ ಸಿಗರೇಟಿನವರನ್ನು ಮುಲಾಜಿಲ್ಲದೆ ದೂರ ಕಳಿಸಿ.