ಪೆರೋಲ್ ನಿರಾಕರಿಸಬಹುದು, ಕಾರಣ ಮುಚ್ಚಿಡುವಂತಿಲ್ಲ

ಬಳ್ಳಾರಿ ಕೇಂದ್ರ ಕಾರಾಗೃಹದಲ್ಲಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿರುವವನೊಬ್ಬ ಸಿರುಗುಪ್ಪ ತಾಲ್ಲೂಕಿನ ಹಳ್ಳಿಯವನು ಎಂದಿಟ್ಟುಕೊಳ್ಳಿ. ಊರಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆ. ಮೂವತ್ತು ದಿನದ ಪೆರೋಲ್ ಕೇಳಿ ಅರ್ಜಿ ಕೊಡುತ್ತಾನೆ. ಅರ್ಜಿ ಜೈಲಿನಿಂದ ಪೊಲೀಸ್ ವರಿಷ್ಠಾಧಿಕಾರಿ ಕಚೇರಿಗೆ, ಅಲ್ಲಿಂದ ಅವನ ಊರಿನ ಠಾಣೆಗೆ ಹೋಗುತ್ತದೆ. ಠಾಣೆಯವರು ಹಳ್ಳಿಯಲ್ಲಿ ಮನೆಯವರನ್ನು, ನೆರೆಯವರನ್ನು, ಕೊಲೆಯಾದವನ ಕಡೆಯವರನ್ನು ವಿಚಾರಿಸಿ ವರದಿ ಬರೆಯುತ್ತಾರೆ. ವರದಿ ಬಂದ ದಾರಿಯಲ್ಲೇ ವಾಪಸು ಜೈಲು ಮುಟ್ಟುತ್ತದೆ. ಕೊನೆಗೆ ಕೈದಿಯ ಕೈಗೆ ಸಿಗುವುದು ಒಂದು ಹಿಂಬರಹ. ಪೊಲೀಸ್ ವರದಿ ಪ್ರತಿಕೂಲವಾಗಿರುವುದರಿಂದ ಕೋರಿಕೆಯನ್ನು ಪರಿಗಣಿಸಲು ಬರುವುದಿಲ್ಲ ಎಂಬ ಒಂದೆರಡು ಸಾಲು, ಕೆಳಗೆ ಸಹಿ, ಮೊಹರು. ವರದಿಯಲ್ಲಿ ಏನಿದೆ, ಯಾರು ಏನು ಆಕ್ಷೇಪ ಎತ್ತಿದರು, ಅದಕ್ಕೆ ಅವನು ಏನು ಉತ್ತರ ಕೊಡಬಹುದಿತ್ತು, ಯಾವುದೂ ಅದರಲ್ಲಿರುವುದಿಲ್ಲ.

ಕೇಳಿದವರಿಗೆಲ್ಲ ಪೆರೋಲ್ ಕೊಡಿ ಎಂದು ಯಾವ ಕಾನೂನೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಬೇಡ ಎನ್ನುವಾಗ ಏಕೆ ಬೇಡ ಎಂಬುದನ್ನು ಸಕಾಲದಲ್ಲಿ, ಬರಹದಲ್ಲಿ, ಅವನಿಗೆ ಅರ್ಥವಾಗುವಂತೆ ಹೇಳಬೇಕಾದದ್ದು ಸರ್ಕಾರದ ಕರ್ತವ್ಯ. ಈ ಕರ್ತವ್ಯ ಹೇಗೆ ಹುಟ್ಟಿತು ಎಂಬುದಕ್ಕೆ ಮುಕ್ಕಾಲು ಶತಮಾನದ ಇತಿಹಾಸವಿದೆ. ಅದರ ಆರಂಭದ ಅಧ್ಯಾಯ ಬಳ್ಳಾರಿಗೂ ತಾಗಿಕೊಂಡಿದೆ.

ಅದಕ್ಕೆ ಮುಂಚೆ ಒಂದು ಗೊಂದಲ ಬಿಡಿಸಿಕೊಳ್ಳಬೇಕು. 2024ರ ಆಗಸ್ಟ್‌ನಲ್ಲಿ ನಟ ದರ್ಶನ್ ಅವರನ್ನು ಬೆಂಗಳೂರಿನಿಂದ ಬಳ್ಳಾರಿ ಜೈಲಿಗೆ ಕಳಿಸಿದಾಗ, ಅಕ್ಟೋಬರ್ ಕೊನೆಯಲ್ಲಿ ಚಿಕಿತ್ಸೆಗಾಗಿ ಅವರು ಹೊರಬಂದಾಗ, ಊರಲ್ಲಿ ಎಷ್ಟೋ ಜನ ಅದನ್ನು ಪೆರೋಲ್ ಎಂದೇ ಮಾತಾಡಿದರು. ಅದು ಹೈಕೋರ್ಟ್ ಕೊಟ್ಟ ಮಧ್ಯಂತರ ಜಾಮೀನು. ಅವರು ವಿಚಾರಣಾಧೀನ ಕೈದಿಯಾಗಿದ್ದರು, ಶಿಕ್ಷೆಯಾಗಿರಲಿಲ್ಲ. ಜಾಮೀನು ಕೊಡುವುದು ನ್ಯಾಯಾಲಯ. ಪೆರೋಲ್ ಶಿಕ್ಷೆಯಾದವರಿಗೆ ಮಾತ್ರ, ಕೊಡುವುದು ಸರ್ಕಾರದ ಅಧಿಕಾರಿಗಳು. ಕೆಲ ದಿನ ಮನೆಗೆ ಹೋಗಿ, ಹೇಳಿದ ದಿನ ತಿರುಗಿ ಬರಬೇಕು. ಮೂರನೆಯದು ಅವಧಿಪೂರ್ವ ಬಿಡುಗಡೆ. ಜೀವಾವಧಿ ಶಿಕ್ಷೆಯವರು ಹದಿನಾಲ್ಕು ವರ್ಷ ಕಳೆದ ಮೇಲೆ ಕೇಳುವುದು ಇದನ್ನು. ಅಮೆರಿಕದಲ್ಲಿ ಪೆರೋಲ್ ಎಂದರೆ ಹೆಚ್ಚುಕಡಿಮೆ ಈ ಮೂರನೆಯದೇ. ಅಲ್ಲಿಯ ತೀರ್ಪುಗಳನ್ನು ಓದುವಾಗ ಇದು ನೆನಪಿರಬೇಕು.

ಸ್ವಾತಂತ್ರ್ಯಕ್ಕೆ ಮುಂಚೆ ಕೈದಿಯನ್ನು ಹೊರಗೆ ಬಿಡುವುದು ಪೂರ್ತಿ ಸರ್ಕಾರದ ಮರ್ಜಿ. ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಯಾದ, ಮುಂದೆ ಮದ್ರಾಸ್ ಮುಖ್ಯಮಂತ್ರಿಯಾದ ಕೆ. ಕಾಮರಾಜ್ ಅವರನ್ನು ಬಳ್ಳಾರಿಯ ಅಲ್ಲೀಪುರ ಜೈಲಿನಲ್ಲಿಟ್ಟಿದ್ದರು. 1931ರಲ್ಲಿ ಗಾಂಧಿ–ಇರ್ವಿನ್ ಒಪ್ಪಂದವಾದದ್ದರಿಂದ ಅವರು ಹೊರಬಂದರು. 1934ರ ಆಗಸ್ಟ್‌ನಲ್ಲಿ ಕಾಯಿಲೆ ಬಿದ್ದ ಪತ್ನಿ ಕಮಲಾ ಅವರನ್ನು ನೋಡಲು ನೆಹರೂ ಅವರನ್ನು ಬಿಟ್ಟ ಬ್ರಿಟಿಷ್ ಸರ್ಕಾರ ಹನ್ನೊಂದು ದಿನಕ್ಕೆ ಮತ್ತೆ ಒಳಗೆ ಹಾಕಿತು. ಏಕೆ ಬಿಟ್ಟಿರಿ, ಏಕೆ ಹಿಡಿದಿರಿ ಎಂದು ಕೇಳುವ ಜಾಗವೇ ಇರಲಿಲ್ಲ.

1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸ್‌ಗೆ ಸೇರಿತ್ತು. ಕೊಪ್ಪಳವನ್ನೂ ಒಳಗೊಂಡಿದ್ದ ರಾಯಚೂರು ಜಿಲ್ಲೆ 1956ರವರೆಗೆ ಹೈದರಾಬಾದ್‌ನಲ್ಲಿತ್ತು. ತುಂಗಭದ್ರೆಯ ಈ ದಡದ ಕೈದಿಗೆ ಒಂದು ಸರ್ಕಾರದ ಜೈಲು ನಿಯಮ, ಆ ದಡದವನಿಗೆ ಇನ್ನೊಂದು. 1963ರ ಕಾರಾಗೃಹ ಅಧಿನಿಯಮ ಬಂದ ಮೇಲೆ ಇಡೀ ರಾಜ್ಯಕ್ಕೆ ಒಂದೇ ಕಾನೂನಾಯಿತು. ಅದರಡಿ 1974ರ ನಿಯಮಗಳು ಬಂದವು. ಈಗ ಅಧಿಕಾರಿಗಳು ತಿರುವಿ ನೋಡುವುದು 2021ರ ಕಾರಾಗೃಹಗಳು ಮತ್ತು ಸುಧಾರಣಾ ಸೇವೆಗಳ ಕೈಪಿಡಿಯನ್ನು.

ಆದರೆ ಹಕ್ಕಿನ ಪ್ರಶ್ನೆ ಬೆಳೆದದ್ದು ಸಂವಿಧಾನದಿಂದ. ವೈಯಕ್ತಿಕ ಸ್ವಾತಂತ್ರ್ಯವನ್ನು ನ್ಯಾಯೋಚಿತ ಪ್ರಕ್ರಿಯೆಯಿಲ್ಲದೆ ಕಸಿಯುವಂತಿಲ್ಲ ಎಂಬ ಅಮೆರಿಕದ ಮಾದರಿಯ ಮಾತು ಮೊದಲ ಹಂತದ ಕರಡಿನಲ್ಲಿತ್ತು. ಸಂವಿಧಾನ ಸಭೆಯ ಸಲಹೆಗಾರ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡು ಬಂದ ಮೇಲೆ ಅದು ಬಿಟ್ಟುಹೋಯಿತು. ಚುನಾಯಿತ ಶಾಸಕಾಂಗದ ಕೈಯನ್ನು ನ್ಯಾಯಾಧೀಶರು ಕಟ್ಟಿಹಾಕಬಾರದು ಎಂಬುದು ಫ್ರಾಂಕ್‌ಫರ್ಟರ್ ಇತ್ತ ಸಲಹೆಯ ತಿರುಳು. ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನವಿದ್ದರೆ ಸಾಕು ಎಂದು 21ನೇ ವಿಧಿ ಅಂತಿಮವಾಗಿ ರೂಪುಗೊಂಡಿತು. 1950ರಲ್ಲಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ತಮ್ಮ ಬಂಧನವನ್ನು ಪ್ರಶ್ನಿಸಿ ಮದ್ರಾಸ್ ರಾಜ್ಯದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ನ್ಯಾಯಾಲಯ ಅದನ್ನು ಅಕ್ಷರಶಃ ಓದಿತು: ಶಾಸನವಿದೆ, ಅದರಂತೆ ಬಂಧಿಸಲಾಗಿದೆ, ಆ ವಿಧಾನ ನ್ಯಾಯವೋ ಅನ್ಯಾಯವೋ ಎಂದು ಕೋರ್ಟ್ ಕೇಳುವುದಿಲ್ಲ. ಬಳ್ಳಾರಿ ಆಗ ಆ ಮದ್ರಾಸ್ ರಾಜ್ಯದ್ದೇ ಜಿಲ್ಲೆ.

ಈ ಗೋಡೆ ಒಡೆಯಲು ಇಪ್ಪತ್ತೆಂಟು ವರ್ಷ ಬೇಕಾಯಿತು. ಮೊದಲ ಬಿರುಕು ಜೈಲಿಗೆ ಸಂಬಂಧವೇ ಇಲ್ಲದ ಮೊಕದ್ದಮೆಯಿಂದ ಬಂತು. ಕಾಶ್ಮೀರದ ಅರಣ್ಯಾಧಿಕಾರಿಗಳ ಆಯ್ಕೆಯಲ್ಲಿ ಅಭ್ಯರ್ಥಿಯೊಬ್ಬರೇ ಆಯ್ಕೆ ಮಂಡಳಿಯಲ್ಲೂ ಕೂತಿದ್ದ ಪ್ರಕರಣ ಅದು. 1969ರ ಕ್ರೈಪಾಕ್ ತೀರ್ಪು ಬರೆದವರು ಕರಾವಳಿಯ ಕನ್ನಡಿಗ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ, ಮುಂದೆ ಲೋಕಸಭೆಯ ಸ್ಪೀಕರ್ ಆದವರು. ಕಚೇರಿಯ ಆಡಳಿತಾತ್ಮಕ ನಿರ್ಧಾರವಾದರೂ ಸಹಜ ನ್ಯಾಯದ ನಿಯಮಗಳು, ಅಂದರೆ ತನ್ನದೇ ವಿಷಯಕ್ಕೆ ತಾನೇ ತೀರ್ಪುಗಾರನಾಗಬಾರದು, ನಿರ್ಧರಿಸುವ ಮುನ್ನ ಬಾಧಿತನ ಮಾತು ಕೇಳಬೇಕು ಎಂಬವು, ಅನ್ವಯಿಸುತ್ತವೆ ಎಂದರು. ಇಂದು ಪೆರೋಲ್ ಹಿಂಬರಹವನ್ನು ಪ್ರಶ್ನಿಸುವ ವಕೀಲರಿಗೆ ಕಾಲೂರಲು ಸಿಕ್ಕಿರುವ ನೆಲ ಇದು.

1974ರಲ್ಲಿ ವಿಶಾಖಪಟ್ಟಣ ಜೈಲಿನ ನಕ್ಸಲ್ ಕೈದಿಗಳ ಪ್ರಕರಣದಲ್ಲಿ, ಶಿಕ್ಷೆಯಾದ ಮಾತ್ರಕ್ಕೆ ಮೂಲಭೂತ ಹಕ್ಕುಗಳೆಲ್ಲ ಕಳಚಿ ಬೀಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 1978ರಲ್ಲಿ ಮೇನಕಾ ಗಾಂಧಿ ಪಾಸ್‌ಪೋರ್ಟ್ ಪ್ರಕರಣ ಬಂತು. ಕಾರ್ಯವಿಧಾನ ಬರೀ ಇದ್ದರೆ ಸಾಲದು, ಅದು ನ್ಯಾಯಯುತವೂ ಸಮಂಜಸವೂ ಆಗಿರಬೇಕು ಎಂದು ಗೋಪಾಲನ್ ಕಾಲದ ಓದನ್ನು ಕೈಬಿಡಲಾಯಿತು. ಕರಡಿನಿಂದ ಹೊರಬಿದ್ದಿದ್ದ ಮಾತು ತೀರ್ಪಿನ ದಾರಿಯಲ್ಲಿ ಒಳಬಂತು. ಅದೇ ವರ್ಷದ, ದೆಹಲಿಯ ತಿಹಾರ್ ಜೈಲಿನ ಕೈದಿ ಸುನಿಲ್ ಬಾತ್ರಾ ಅವರ ಪ್ರಕರಣ ಅದನ್ನು ಜೈಲಿನ ಬಾಗಿಲೊಳಗೆ ಕೊಂಡೊಯ್ದಿತು. ಸಹಕೈದಿಯೊಬ್ಬನಿಗೆ ವಾರ್ಡರ್ ಕೊಟ್ಟ ಚಿತ್ರಹಿಂಸೆಯ ಬಗ್ಗೆ ಬಾತ್ರಾ ತಿಹಾರ್‌ನಿಂದ ಬರೆದ ಪತ್ರವನ್ನೇ ಅರ್ಜಿ ಎಂದು ಪರಿಗಣಿಸಿ 1979ರ ಡಿಸೆಂಬರ್‌ನಲ್ಲಿ ಇನ್ನೊಂದು ತೀರ್ಪು ಬಂತು. ಈ ತೀರ್ಪುಗಳ ಹಿಂದಿದ್ದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1948ರಲ್ಲಿ ತಾವೇ ಸುಮಾರು ಒಂದು ತಿಂಗಳು ಜೈಲಿನಲ್ಲಿದ್ದವರು. 1979ರ ಧರಂಬೀರ್ ಪ್ರಕರಣದಲ್ಲಿ ಇಬ್ಬರು ಯುವ ಕೈದಿಗಳಿಗೆ ವರ್ಷಕ್ಕೊಮ್ಮೆ ಎರಡು ವಾರ ಪೆರೋಲ್ ಕೊಡಿ ಎಂದೇ ಆದೇಶಿಸಿದರು. ಮನೆಯ ನಂಟು ಕಡಿದುಹೋದ ಮನುಷ್ಯನನ್ನು ಹದಿನೈದು ವರ್ಷದ ನಂತರ ಊರಿಗೆ ಬಿಟ್ಟರೆ ಅವನಿಗೂ ಕಷ್ಟ, ಊರಿಗೂ ಕಷ್ಟ. ಈ ಸರಳ ಸತ್ಯವನ್ನು ಅವರಷ್ಟು ಗಟ್ಟಿಯಾಗಿ ಹೇಳಿದವರು ಕಡಿಮೆ.

ಅಮೆರಿಕದ ಸುಪ್ರೀಂ ಕೋರ್ಟ್ 1972ರ ಮಾರಿಸ್ಸಿ ಪ್ರಕರಣದಲ್ಲಿ ಪೆರೋಲ್ ರದ್ದು ಮಾಡುವ ಮುನ್ನ ನೋಟಿಸ್ ಕೊಡಬೇಕು, ವಿರುದ್ಧದ ಸಾಕ್ಷ್ಯ ತಿಳಿಸಬೇಕು, ಅಹವಾಲು ಕೇಳಬೇಕು, ಕಾರಣ ಬರೆಯಬೇಕು ಎಂದಿತ್ತು. ಬಿಡುಗಡೆಗೆ ಕಾಯುತ್ತಿರುವವನಿಗೆ ಅಷ್ಟೇ ರಕ್ಷಣೆ ಇಲ್ಲ ಎಂದು 1979ರಲ್ಲಿ ಅದೇ ಕೋರ್ಟ್ ಗೆರೆ ಎಳೆಯಿತು. ನಮ್ಮಲ್ಲೂ ಈ ಎಳೆದಾಟವಿದೆ.

2000ದಲ್ಲಿ ಸುನಿಲ್ ಫುಲ್‌ಚಂದ್ ಶಾ ಪ್ರಕರಣದ ಸಂವಿಧಾನ ಪೀಠ, ಪೆರೋಲ್ ಕೊಡುವುದು ಕಾರ್ಯಾಂಗದ ಕೆಲಸ ಎಂದು ಸ್ಪಷ್ಟಪಡಿಸಿತು. 2017ರ ಅಸ್ಫಾಕ್ ತೀರ್ಪು ಒಂದು ಹೆಜ್ಜೆ ಮುಂದೆ ಹೋಗಿ, ಅಪರಾಧ ಘೋರವಾದದ್ದು ಎಂಬ ಒಂದೇ ಕಾರಣಕ್ಕೆ ಪೆರೋಲ್ ಬಾಗಿಲು ಮುಚ್ಚಬಾರದು, ಕೈದಿಯ ನಡತೆ ಮತ್ತು ಸಮಾಜದ ಹಿತ ಎರಡನ್ನೂ ತೂಗಬೇಕು ಎಂದಿತು. 2021ರಲ್ಲಿ ನಾರಾಯಣ ಸಾಯಿ ಪ್ರಕರಣದಲ್ಲಿ ಫರ್ಲೋ ಎಂಬ ನಿಯತ ರಜೆಯೂ ಪರಿಪೂರ್ಣ ಹಕ್ಕಲ್ಲ ಎಂಬ ಎಚ್ಚರಿಕೆ ಬಂತು. 2023ರ ಜನವರಿಯಲ್ಲಿ ಗೋವಾದ ಪ್ರಕರಣವೊಂದರಲ್ಲಿ, ಅವಧಿಪೂರ್ವ ಬಿಡುಗಡೆಗೆ ಹದಿನಾಲ್ಕು ವರ್ಷ ಲೆಕ್ಕ ಹಾಕುವಾಗ ಪೆರೋಲ್‌ನಲ್ಲಿ ಕಳೆದ ದಿನಗಳನ್ನು ಬಿಡಬೇಕು ಎಂದು ತೀರ್ಮಾನವಾಯಿತು. ಅಲ್ಲಿಗೆ ಪೆರೋಲ್ ಪುಕ್ಕಟೆ ಸಿಗುವ ರಜೆ ಎಂಬ ಮಾತಿಗೂ ಬೆಲೆ ಉಳಿಯಲಿಲ್ಲ.

ಕರ್ನಾಟಕ ಹೈಕೋರ್ಟ್ ಈ ವರ್ಷಗಳಲ್ಲಿ ಹೆಚ್ಚು ಮಾನವೀಯವಾಗಿ ನಡೆದುಕೊಂಡಿದೆ. 2023ರಲ್ಲಿ ಕೊಲೆ ಪ್ರಕರಣದ ಕೈದಿಯೊಬ್ಬನಿಗೆ ಪ್ರೀತಿಸಿದವಳನ್ನು ಮದುವೆಯಾಗಲು ಹದಿನೈದು ದಿನ ಪೆರೋಲ್ ಕೊಟ್ಟಿತು. ಮದುವೆಗೆಂದು ನಿಯಮದಲ್ಲಿ ಜಾಗವಿಲ್ಲ ಎಂಬ ಸರ್ಕಾರದ ವಾದ ನಿಲ್ಲಲಿಲ್ಲ. ಈಚೆಗೆ ಜಮೀನು ನೋಡಿಕೊಳ್ಳಲು ಮನೆಯಲ್ಲಿ ಗಂಡಾಳು ಇಲ್ಲದ ಇನ್ನೊಬ್ಬನಿಗೆ ಬೇಸಾಯಕ್ಕೆಂದು ತೊಂಬತ್ತು ದಿನ ಸಿಕ್ಕಿತು. ಆದರೆ ಕೋರ್ಟ್ ಮುಟ್ಟಿದವರಿಗೆ ಮಾತ್ರ ಈ ಭಾಗ್ಯ. 2008ರಲ್ಲಿ ಧಾರವಾಡ, ಕಲಬುರಗಿ ಪೀಠಗಳು ಶುರುವಾಗುವವರೆಗೆ ಬಳ್ಳಾರಿಯವರು ಬೆಂಗಳೂರಿಗೇ ಹೋಗಬೇಕಿತ್ತು. ಈಗ ಬಳ್ಳಾರಿ, ಕೊಪ್ಪಳಕ್ಕೆ ಧಾರವಾಡ ಪೀಠ, ರಾಯಚೂರಿಗೆ ಕಲಬುರಗಿ. ಹತ್ತಿರವಾಯಿತು ನಿಜ, ಆದರೆ ದಿನಗೂಲಿಯವರಿಗೆ ವಕೀಲರ ಫೀಸು, ಬಸ್ಸಿನ ಖರ್ಚು, ಕಳೆದುಹೋಗುವ ಕೂಲಿ ಕಮ್ಮಿ ಹೊರೆಯಲ್ಲ.

ನಮ್ಮ ಜಿಲ್ಲೆಗಳಲ್ಲಿ ಪ್ರಕ್ರಿಯೆ ಯಾರ ಮೇಲೆ ಹೆಚ್ಚು ಭಾರ ಹಾಕುತ್ತದೆ ಎಂಬುದನ್ನು ನೋಡಲೇಬೇಕು. ಜಾಮೀನುದಾರರು ಬೇಕು, ಜಾಮೀನುದಾರನೆಂದರೆ ಪಹಣಿ ಇರುವವನು. ಭೂಮಿಯಿಲ್ಲದ ಕೂಲಿಯವನಿಗೆ ಪಹಣಿ ಕೊಡುವ ಧಣಿ ಎಲ್ಲಿ ಸಿಗುತ್ತಾನೆ? ಬೇಸಿಗೆ ಬಂತೆಂದರೆ ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯ ಸಂಸಾರಗಳು ಗುಳೆ ಹೋಗುತ್ತವೆ. ಬೀಟ್ ಪೊಲೀಸ್ ಬಂದ ದಿನ ಬಾಗಿಲಿಗೆ ಬೀಗ ಕಂಡರೆ, ವಿಳಾಸದಲ್ಲಿ ಯಾರೂ ವಾಸವಿಲ್ಲ ಎಂಬ ಸಾಲು ವರದಿಗೆ ಬೀಳಲು ಎಷ್ಟು ಹೊತ್ತು? ಆ ಸಾಲು ಕೈದಿಗೆ ಗೊತ್ತಾದರೆ ತಾನೆ, ನಮ್ಮವರು ಬೆಂಗಳೂರಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ, ಈ ನಂಬರಿಗೆ ಕೇಳಿ ಎಂದು ಅವನು ಹೇಳಲು ಸಾಧ್ಯ?

ಇನ್ನೊಂದು ಹೊರೆ ಹಳೆಯದು. ಇಡೀ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿ ಎಂಬ ಪಟ್ಟ ಕಟ್ಟಿದ್ದ, 1871ರಲ್ಲಿ ಶುರುವಾದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲಿ ರದ್ದಾದರೂ, ರೂಢಿಗತ ಅಪರಾಧಿ ಎಂಬ ಹಣೆಪಟ್ಟಿಯಾಗಿ ಅದರ ನೆರಳು ಜೈಲು ಕೈಪಿಡಿಗಳಲ್ಲಿ ಉಳಿಯಿತು. ಈ ಭಾಗದ ಕೊರಚರಂಥ ಸಮುದಾಯಗಳಿಗೆ ಅದರ ನೋವು ಗೊತ್ತು. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜೈಲುಗಳ ಜಾತಿ ತಾರತಮ್ಯದ ನಿಯಮಗಳನ್ನು ಹೊಡೆದುಹಾಕಿತು. ಕಾನೂನಿನ ವ್ಯಾಖ್ಯೆಯಿಲ್ಲದೆ ಈ ಹಣೆಪಟ್ಟಿ ಹಚ್ಚುವಂತಿಲ್ಲ ಎಂದಿತು.

ಕೊಲೆಯಾದವರ ಮನೆಯವರ ಭಯ ಸುಳ್ಳಲ್ಲ. ಒಂದೇ ಓಣಿಯಲ್ಲಿ ಎರಡೂ ಮನೆಗಳಿದ್ದರೆ, ಅವನು ಪೆರೋಲ್ ಮೇಲೆ ಬರುತ್ತಾನೆ ಎಂಬ ಸುದ್ದಿಗೇ ಅಲ್ಲಿ ನಿದ್ದೆ ಕೆಡುತ್ತದೆ. ಅವರ ಮಾತು ಕೇಳದೆ ಪೆರೋಲ್ ಕೊಟ್ಟರೆ ಅದೂ ಅನ್ಯಾಯವೇ. ಗುಜರಾತಿನ ಬಿಲ್ಕಿಸ್ ಬಾನು ಪ್ರಕರಣದಲ್ಲಿ ಹನ್ನೊಂದು ಅಪರಾಧಿಗಳನ್ನು ಅವಧಿಗೆ ಮುನ್ನ ಬಿಟ್ಟದ್ದನ್ನು 2024ರ ಜನವರಿ 8ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಬಿಡುವ ಆದೇಶವನ್ನೂ ಕಾನೂನಿನ ತಕ್ಕಡಿಯಲ್ಲೇ ತೂಗಲಾಯಿತು. ಕಾರಣ ಬರೆಯುವ ಶಿಸ್ತು ಇದ್ದರೆ ಸಂತ್ರಸ್ತರಿಗೂ ಅದೇ ಆಸರೆ. ಆಕ್ಷೇಪಿಸಿದವರ ಹೆಸರು ಮರೆಮಾಡಿ ಆಕ್ಷೇಪದ ಸಾರಾಂಶ ಮಾತ್ರ ಕೈದಿಗೆ ಕೊಡಬಹುದು. ಬೇರೆ ಊರಿನ ನೆಂಟರ ಮನೆಯಲ್ಲಿರಲಿ, ದಿನಾ ಠಾಣೆಗೆ ಬಂದು ಸಹಿ ಮಾಡಲಿ ಎಂದು ಷರತ್ತು ಹಾಕಬಹುದು. ಭಯವನ್ನು ಕಾಗದದ ಮೇಲೆ ಬಿಡಿಸಿ ಬರೆದರೆ ಮಾತ್ರ ಇಂಥ ಪರಿಹಾರ ಹೊಳೆಯುತ್ತದೆ.

2025ರ ಫೆಬ್ರವರಿ 18ರಂದು ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಅವಧಿಪೂರ್ವ ಬಿಡುಗಡೆಯ ಬಗ್ಗೆ ಕೊಟ್ಟ ನಿರ್ದೇಶನಗಳು ಈ ದಾರಿಯಲ್ಲಿ ದೊಡ್ಡವು. ನೀತಿಯಿದ್ದರೆ ಕೈದಿ ಅರ್ಜಿ ಹಾಕದಿದ್ದರೂ ಸರ್ಕಾರವೇ ಪರಿಶೀಲಿಸಬೇಕು. ಒಪ್ಪಿದರೂ ತಿರಸ್ಕರಿಸಿದರೂ ಚಿಕ್ಕದಾಗಿಯಾದರೂ ಕಾರಣ ಬರೆಯಬೇಕು. ಆದೇಶವನ್ನು ಜೈಲಿನ ಮೂಲಕ ಕೈದಿಗೆ ಕೂಡಲೇ ಮುಟ್ಟಿಸಿ, ಪ್ರತಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ಕಳಿಸಬೇಕು. ಕೊಟ್ಟದ್ದನ್ನು ರದ್ದು ಮಾಡುವ ಮುನ್ನ ಅಹವಾಲು ಕೇಳಬೇಕು. ಪೆರೋಲ್ ಬಗ್ಗೆ ಈ ನಿರ್ದೇಶನಗಳು ನೇರವಾಗಿ ಹೇಳುವುದಿಲ್ಲ, ಆದರೆ ಇವುಗಳ ಹಿಂದಿರುವ ತರ್ಕ ಅದಕ್ಕೂ ಅಷ್ಟೇ ಹೊಂದುತ್ತದೆ. ಹದಿನಾಲ್ಕು ವರ್ಷದ ನಂತರದ ಬಿಡುಗಡೆಗೆ ಕಾರಣ ಬರೆಯಬಲ್ಲ ಸರ್ಕಾರ ಮೂವತ್ತು ದಿನದ ರಜೆಗೂ ಬರೆಯಬಲ್ಲದು.

ಸರ್ಕಾರ ಹಾಗೆ ಬರೆಯುವವರೆಗೆ ಕುಟುಂಬದವರು ಮಾಡಬಹುದಾದದ್ದು ಇಷ್ಟು: ಅರ್ಜಿ ಕೊಟ್ಟ ದಿನ ಸ್ವೀಕೃತಿ ಪಡೆಯಿರಿ. ಗುಳೆ ಹೋಗಿದ್ದರೆ ಈಗಿರುವ ಜಾಗದ ವಿಳಾಸ, ಫೋನ್ ನಂಬರನ್ನು ಅರ್ಜಿಯಲ್ಲೇ ಬರೆಯಿರಿ. ಬಾಯಿಮಾತಿನಲ್ಲಿ ಇಲ್ಲವೆಂದರೆ ಹಿಂಬರಹ ಕೇಳಿ ಪಡೆಯಿರಿ, ಅದರ ಪ್ರತಿಯಿಲ್ಲದೆ ಧಾರವಾಡದಲ್ಲಿ ಪ್ರಶ್ನಿಸುವುದು ಕಷ್ಟ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಸೆರೆಯಲ್ಲಿರುವ ಯಾರಿಗೇ ಆದರೂ ವಕೀಲರ ನೆರವು ಉಚಿತ. ಅದನ್ನು ಕೇಳಲು ಜಿಲ್ಲಾ ನ್ಯಾಯಾಲಯದಲ್ಲಿರುವ ಪ್ರಾಧಿಕಾರದ ಕಚೇರಿಗೆ ಒಂದು ಬಿಳಿ ಹಾಳೆಯ ಅರ್ಜಿ ಸಾಕು.